ಕಾಯಿಲೆ ಒಂದೇ, ಭತ್ಯೆ ಎರಡು: ಬ್ರಿಟನ್ನಿನಲ್ಲಿ ನಡೆದಿರುವುದೇನು?

2026ರ ಏಪ್ರಿಲ್ 6ರಿಂದ ಬ್ರಿಟನ್ನಿನಲ್ಲಿ ಒಂದೇ ಕಾಯಿಲೆಗೆ ಎರಡು ದರ ಬಂದಿದೆ. ಅನಾರೋಗ್ಯದಿಂದ ದುಡಿಯಲಾಗದವರಿಗೆ, ಬಡವರಿಗೆ ಸರ್ಕಾರ ಕೊಡುವ ಮಾಸಿಕ ನೆರವಾದ ಯೂನಿವರ್ಸಲ್ ಕ್ರೆಡಿಟ್ ಜೊತೆಗೆ ಸಿಗುವ ಹೆಚ್ಚುವರಿ ಹಣವು, ಮೊದಲಿನಿಂದ ಪಡೆಯುತ್ತಿದ್ದವರಿಗೆ ತಿಂಗಳಿಗೆ 429.80 ಪೌಂಡ್. ಆ ದಿನದ ನಂತರ ಅರ್ಜಿ ಹಾಕಿದವರಲ್ಲಿ ಬಹುತೇಕರಿಗೆ 217.26 ಪೌಂಡ್. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 2,550 ಪೌಂಡ್ ವ್ಯತ್ಯಾಸ. ಒಂದೇ ಬೀದಿಯ, ಒಂದೇ ರೋಗದ ಇಬ್ಬರ ನಡುವೆ ಈ ವ್ಯತ್ಯಾಸ ತಂದದ್ದು ಅರ್ಜಿ ಹಾಕಿದ ತಾರೀಖು ಮಾತ್ರ.

ಇಷ್ಟಾದರೂ ಬಹಳ ಜನರ ತಲೆಯಲ್ಲಿ ಉಳಿದಿರುವುದು ಬೇರೆಯದೇ ಸುದ್ದಿ. "ಅಂಗವಿಕಲರ ಭತ್ಯೆ ಕಡಿತ" ಎಂದು 2025ರ ಮಾರ್ಚಿನಲ್ಲಿ ಓದಿದರು, "ಕಡಿತ ಕೈಬಿಟ್ಟ ಸರ್ಕಾರ" ಎಂದು ಜುಲೈನಲ್ಲಿ ಓದಿದರು, ಸೆಪ್ಟೆಂಬರಿನಲ್ಲಿ "ಮಸೂದೆ ಕಾನೂನಾಯಿತು" ಎಂದೂ ಓದಿದರು. ಹಾಗಾದರೆ ಕಡಿತ ಆಯಿತೋ ಇಲ್ಲವೋ? ಒಂದು ಭತ್ಯೆಯಲ್ಲಿ ಆಗಲಿಲ್ಲ, ಇನ್ನೊಂದರಲ್ಲಿ ಆಯಿತು. ಹೆಸರು ಬೇರೆ, ಉದ್ದೇಶ ಬೇರೆ, ಪರೀಕ್ಷೆಯೂ ಬೇರೆಯಾದ ಎರಡು ಹಣವನ್ನು ಸುದ್ದಿಯಲ್ಲಿ ಒಂದೇ ಚೀಲಕ್ಕೆ ತುಂಬಿದ್ದರಿಂದ ಈ ಗೊಂದಲ ಹುಟ್ಟಿದೆ.

ಎರಡು ಪ್ರಶ್ನೆ

ಬ್ರಿಟನ್ನಿನ ಉದ್ಯೋಗ ಮತ್ತು ಪಿಂಚಣಿ ಇಲಾಖೆ, ಅಂದರೆ ಎಲ್ಲರೂ ಕರೆಯುವ ಡಿಡಬ್ಲ್ಯೂಪಿ, ಕಾಯಿಲೆಯ ಮನುಷ್ಯನಿಗೆ ಎರಡು ಪ್ರಶ್ನೆ ಹಾಕುತ್ತದೆ. ದಿನ ದೂಡಲು ನಿಮಗೆ ಬೇರೆಯವರಿಗಿಂತ ಹೆಚ್ಚಿನ ನೆರವು ಬೇಕೇ? ಇದು ಮೊದಲನೆಯದು. ನೀವು ದುಡಿಯಬಲ್ಲಿರಾ? ಇದು ಎರಡನೆಯದು.

ಮೊದಲ ಪ್ರಶ್ನೆಗೆ ಸಿಗುವ ಹಣ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಜನರ ಬಾಯಲ್ಲಿ 'ಪಿಪ್'. 1992ರಲ್ಲಿ ಬಂದಿದ್ದ ಹಳೆಯ ಅಂಗವೈಕಲ್ಯ ಭತ್ಯೆಯ ಜಾಗದಲ್ಲಿ, ದುಡಿಯುವ ವಯಸ್ಸಿನವರಿಗೆಂದು, 2013ರಲ್ಲಿ ಇದನ್ನು ತಂದರು. ಇದಕ್ಕೆ ಆದಾಯದ ಮಿತಿಯಿಲ್ಲ, ತೆರಿಗೆಯಿಲ್ಲ. ಕೆಲಸದಲ್ಲಿರುವವರಿಗೂ ಸಿಗುತ್ತದೆ. ಗಾಲಿಕುರ್ಚಿಯ ಮೇಲೆ ಕೂತು ಬ್ಯಾಂಕಿನಲ್ಲಿ ದುಡಿಯುವ ಅಧಿಕಾರಿಯೂ ಪಡೆಯಬಹುದು. ದಿನನಿತ್ಯದ ಬದುಕಿಗೆ ಒಂದು ಭಾಗ, ಓಡಾಟಕ್ಕೆ ಇನ್ನೊಂದು ಭಾಗ. ಪ್ರತಿಯೊಂದರಲ್ಲೂ ಸಾಮಾನ್ಯ ದರ, ಹೆಚ್ಚಿನ ದರ ಎಂದು ಎರಡು ಮೆಟ್ಟಿಲು. 2026–27ರಲ್ಲಿ ದಿನನಿತ್ಯದ ಭಾಗಕ್ಕೆ ವಾರಕ್ಕೆ 76.70 ಅಥವಾ 114.60 ಪೌಂಡ್, ಓಡಾಟದ ಭಾಗಕ್ಕೆ 30.30 ಅಥವಾ 80 ಪೌಂಡ್.

ಎರಡನೇ ಪ್ರಶ್ನೆಯ ಹಣ ಯೂನಿವರ್ಸಲ್ ಕ್ರೆಡಿಟ್‌ಗೆ ಸೇರಿದ್ದು. ಇದು ಬಡವರಿಗೆ ಮಾತ್ರ. ಉಳಿತಾಯ 16,000 ಪೌಂಡ್ ದಾಟಿದರೆ ಸಿಗದು, ಗಂಡ ಅಥವಾ ಹೆಂಡತಿಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಇದರ ಪರೀಕ್ಷೆಯೇ ಬೇರೆ, ಅದರ ಹೆಸರು ವರ್ಕ್ ಕೇಪಬಿಲಿಟಿ ಅಸೆಸ್‌ಮೆಂಟ್. "ಕೆಲಸಕ್ಕೆ ಯೋಗ್ಯ", "ಸದ್ಯಕ್ಕೆ ಕೆಲಸ ಕಷ್ಟ, ಆದರೆ ತಯಾರಿ ಮಾಡಿಕೊಳ್ಳಬೇಕು", "ಕೆಲಸವೂ ಬೇಡ, ತಯಾರಿಯೂ ಬೇಡ" ಎಂದು ಮೂರು ಫಲಿತಾಂಶ. ಆರಂಭದಲ್ಲಿ ಹೇಳಿದ ಹೆಚ್ಚುವರಿ ಹಣ ಈ ಮೂರನೆಯ ಗುಂಪಿಗೆ ಮಾತ್ರ.

ಇವೆರಡೂ ಅಲ್ಲದೆ, ನೌಕರಿಯಲ್ಲಿದ್ದು ಹುಷಾರು ತಪ್ಪಿದವರಿಗೆ ಮಾಲೀಕರೇ ಕೊಡಬೇಕಾದ ಕಾನೂನುಬದ್ಧ ಸಿಕ್ ಪೇ ಇದೆ. ಗರಿಷ್ಠ 28 ವಾರ. ಮೊದಲ ಮೂರು ದಿನ ಏನೂ ಇಲ್ಲ ಎಂಬ ಹಳೆಯ ನಿಯಮ 2026ರ ಏಪ್ರಿಲ್‌ಗೆ ಹೋಯಿತು. ವಾರಕ್ಕೆ ಇಂತಿಷ್ಟಾದರೂ ದುಡಿದಿರಬೇಕು ಎಂಬ ಷರತ್ತೂ ಹೋಯಿತು. ಈ ಬದಲಾವಣೆ ಮಾತ್ರ ಕಾಯಿಲೆಯವರ ಪರವಾಗಿಯೇ ಇದೆ.

ಪಿಪ್ ಕುರಿತು ಮುಂದೆ ಹೇಳುವುದು ಇಂಗ್ಲೆಂಡ್, ವೇಲ್ಸ್‌ಗೆ ಅನ್ವಯ. ಉತ್ತರ ಐರ್ಲೆಂಡಿನ ಆಡಳಿತ ಬೇರೆ. ಸ್ಕಾಟ್ಲೆಂಡ್ 2022ರಿಂದ ಪಿಪ್ ಬದಲು ತನ್ನದೇ ಆದ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ನಡೆಸುತ್ತಿದೆ.

ಶೇಕಡಾವಾರು ಇಲ್ಲ, ಅಂಕ ಇದೆ

ಕರ್ನಾಟಕದ ಓದುಗರಿಗೆ ಅಂಗವೈಕಲ್ಯವೆಂದರೆ ಯುಡಿಐಡಿ ಕಾರ್ಡು, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಅದರ ಮೇಲಿನ ಶೇಕಡಾವಾರು. ಶೇ 40 ಇದ್ದರೆ ಬಾಗಿಲು ತೆರೆಯಿತು. ಪಿಪ್‌ನಲ್ಲಿ ಈ ದಾರಿಯೇ ಇಲ್ಲ. ಪಾರ್ಕಿನ್ಸನ್ಸ್ ಇದೆ, ಸಂಧಿವಾತ ಇದೆ, ಖಿನ್ನತೆ ಇದೆ ಎಂದು ತಜ್ಞರು ಬರೆದುಕೊಟ್ಟ ಪತ್ರಕ್ಕೆ ತನ್ನಷ್ಟಕ್ಕೆ ಒಂದು ಅಂಕವೂ ಬಾರದು. ರೋಗದ ಹೆಸರನ್ನು ಅಳೆಯುವುದಿಲ್ಲ, ಆ ರೋಗ ಯಾವ ಕೆಲಸವನ್ನು ಎಷ್ಟರ ಮಟ್ಟಿಗೆ ಕೆಡಿಸಿದೆ ಎಂಬುದನ್ನು ಅಳೆಯುತ್ತಾರೆ.

ದಿನನಿತ್ಯದ ಭಾಗದಲ್ಲಿ ಹತ್ತು ಕೆಲಸಗಳಿವೆ: ಅಡುಗೆ, ಊಟ, ಔಷಧೋಪಚಾರ, ಸ್ನಾನ, ಶೌಚ, ಬಟ್ಟೆ ತೊಡುವುದು, ಮಾತು, ಓದು, ಜನರೊಡನೆ ಬೆರೆಯುವುದು, ಹಣದ ನಿರ್ವಹಣೆ. ಓಡಾಟದಲ್ಲಿ ಎರಡು: ದಾರಿ ಗೊತ್ತುಮಾಡಿಕೊಂಡು ಹೋಗುವುದು ಮತ್ತು ನಡೆಯುವುದು. ಪ್ರತಿ ಕೆಲಸಕ್ಕೂ ಕಷ್ಟದ ಮಟ್ಟಕ್ಕೆ ತಕ್ಕಂತೆ ಅಂಕ. ಒಂದು ಭಾಗದಲ್ಲಿ ಒಟ್ಟು 8 ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. ತೊಂದರೆ ಮೂರು ತಿಂಗಳಿನಿಂದ ಇರಬೇಕು, ಇನ್ನೂ ಒಂಬತ್ತು ತಿಂಗಳು ಇರುವ ಲಕ್ಷಣ ಇರಬೇಕು.

ಅಂಕಪಟ್ಟಿಯ ಒಳಗೆ ಇಣುಕಿದರೆ ಅದರ ವಿಚಿತ್ರಗಳು ಕಾಣುತ್ತವೆ. ಸೊಂಟದ ಕೆಳಗಿನ ಮೈ ತೊಳೆಯಲು ಇನ್ನೊಬ್ಬರು ಬೇಕಾದರೆ 2 ಅಂಕ. ಭುಜದಿಂದ ಸೊಂಟದವರೆಗೆ ತೊಳೆಯಲು ಬೇಕಾದರೆ 4. ಅಡುಗೆ ಎಂದರೆ ಒಬ್ಬರಿಗಾಗುವ ಸರಳ ಊಟವನ್ನು ತಾಜಾ ಪದಾರ್ಥಗಳಿಂದ, ಸೊಂಟದ ಎತ್ತರದಲ್ಲಿ ಅಥವಾ ಅದಕ್ಕಿಂತ ಮೇಲೆ ಬಿಸಿ ಮಾಡಿ ತಯಾರಿಸುವುದು. ಹಾಗಾಗಿ ಬಗ್ಗಿ ಓವನ್ ತೆರೆಯಲಾಗದು ಎಂಬುದು ಲೆಕ್ಕಕ್ಕಿಲ್ಲ. ನಡಿಗೆಯಲ್ಲಿ 20 ಮೀಟರ್ ದಾಟಲಾಗದವರಿಗೆ 12 ಅಂಕ. ಹಳೆಯ ಭತ್ಯೆಯಲ್ಲಿ ಈ ಗೆರೆ 50 ಮೀಟರ್ ಎಂದು ರೂಢಿಯಲ್ಲಿತ್ತು. ಗೆರೆ 30 ಮೀಟರ್ ಹಿಂದೆ ಸರಿದದ್ದರಿಂದ ಓಡಾಟದ ಹೆಚ್ಚಿನ ದರವನ್ನೂ, ಅದರ ಮೇಲೆ ಬಾಡಿಗೆಗೆ ಪಡೆದಿದ್ದ ಮೋಟಬಿಲಿಟಿ ಕಾರನ್ನೂ ಕಳೆದುಕೊಂಡವರು ಬಹಳ.

'ಪರವಾಗಿಲ್ಲ' ಎಂಬ ಮಾತಿನ ಬೆಲೆ

ಅರ್ಜಿಗಳು ಬೀಳುವುದು ಹೆಚ್ಚಾಗಿ ಒಂದು ಕಡೆ: 'ಮಾಡಬಲ್ಲೆ' ಎಂಬ ಪದದಲ್ಲಿ. ನಿಯಮದ ಪ್ರಕಾರ ಒಂದು ಕೆಲಸವನ್ನು ಮಾಡಬಲ್ಲರು ಎನ್ನಬೇಕಾದರೆ ಅದನ್ನು ಅಪಾಯವಿಲ್ಲದೆ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ಸಮಂಜಸ ಸಮಯದಲ್ಲಿ ಮಾಡಲು ಆಗಬೇಕು. ಸಮಂಜಸ ಸಮಯ ಎಂದರೆ ಆರೋಗ್ಯವಂತರಿಗೆ ಹಿಡಿಯುವ ಗರಿಷ್ಠ ಹೊತ್ತಿನ ಎರಡರಷ್ಟು ಮೀರಬಾರದು. ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಇರುವ ಸ್ಥಿತಿಯೇ ಲೆಕ್ಕಕ್ಕೆ ಬರುವುದು.

ಈ ನಾಲ್ಕು ಮಾನದಂಡಗಳು ಅರ್ಜಿದಾರರ ಕೈಲಿರುವ ದೊಡ್ಡ ಆಯುಧ. ಆದರೆ ಅವನ್ನು ಬಳಸುವವರು ಕಡಿಮೆ. "ಅಡುಗೆ ಮಾಡಿಕೊಳ್ಳುತ್ತೀರಾ?" ಎಂದು ಕೇಳಿದರೆ "ಹೂಂ, ಹೇಗೋ ನಡೆಯುತ್ತೆ, ಪರವಾಗಿಲ್ಲ" ಎನ್ನುವುದು ನಮ್ಮ ಜನರ ಸಭ್ಯತೆ. ಮೌಲ್ಯಮಾಪಕರ ಕಂಪ್ಯೂಟರಿನಲ್ಲಿ ಅದು ಸೊನ್ನೆ ಅಂಕ. ನಿಜ ಸಂಗತಿಯೋ, ಸ್ಟೂಲಿನ ಮೇಲೆ ಕೂತೇ ತರಕಾರಿ ಹೆಚ್ಚಬೇಕು. ಬಿಸಿ ಪಾತ್ರೆ ಇಳಿಸಲು ಮಗಳು ಬರಬೇಕು. ಆಮೇಲೆ ಒಂದು ಗಂಟೆ ಮಲಗಬೇಕು. ಸ್ಟೂಲು ಒಂದು ಸಾಧನವೆನಿಸಿ 2 ಅಂಕ ತರಬಹುದು, ಇನ್ನೊಬ್ಬರ ಕೈನೆರವು 4 ತರಬಹುದು. ಅಂದರೆ ಸುಳ್ಳು ಹೇಳುವ ಅಗತ್ಯವೇ ಇಲ್ಲ, ನಿಜವನ್ನು ಅರ್ಧಕ್ಕೆ ನಿಲ್ಲಿಸದಿದ್ದರೆ ಸಾಕು. ಎಷ್ಟು ಸಲ ಬಿದ್ದಿರಿ, ವಾರದಲ್ಲಿ ಎಷ್ಟು ದಿನ ಎದ್ದೇಳಲಾಗಲಿಲ್ಲ, ಯಾರು ಏನು ಮಾಡಿಕೊಟ್ಟರು ಎಂದು ಎರಡು ವಾರ ಬರೆದಿಟ್ಟ ನೋಟ್‌ಪುಸ್ತಕ, ರೋಗದ ಹೆಸರು ಮಾತ್ರ ಇರುವ ಪತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅರ್ಜಿ ಸಾಮಾನ್ಯವಾಗಿ ಫೋನ್ ಕರೆಯಿಂದ ಶುರು. ಆಮೇಲೆ ಬರುವ ಉದ್ದನೆಯ ಫಾರ್ಮನ್ನು ಒಂದು ತಿಂಗಳೊಳಗೆ ತುಂಬಿ ಕಳಿಸಬೇಕು. ನಂತರ ಫೋನಿನಲ್ಲೋ ವಿಡಿಯೊದಲ್ಲೋ ಮುಖಾಮುಖಿಯೋ ಮೌಲ್ಯಮಾಪನ. ಇದನ್ನು ಮಾಡುವುದು ಇಲಾಖೆ ಗುತ್ತಿಗೆ ಕೊಟ್ಟ ಖಾಸಗಿ ಕಂಪನಿ. 2024ರ ಸೆಪ್ಟೆಂಬರಿನಿಂದ ಪ್ರದೇಶವಾರು ಗುತ್ತಿಗೆಗಳು ಜಾರಿಯಲ್ಲಿವೆ. ಕಂಪನಿ ವರದಿ ಕೊಡುತ್ತದೆ, ತೀರ್ಮಾನ ಇಲಾಖೆಯದು. ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಮೊದಲೇ ಕೇಳಿಕೊಳ್ಳಬಹುದು.

2017ರ ಕತ್ತರಿ

ಯೂನಿವರ್ಸಲ್ ಕ್ರೆಡಿಟ್ ಕಡೆಗೆ ಬರೋಣ, ಏಕೆಂದರೆ ಈ ಬಾರಿಯ ಕಡಿತ ಆದದ್ದು ಅಲ್ಲಿ. ಸರ್ಕಾರದ ವಾದ ಇಷ್ಟು: "ದುಡಿಯಲಾಗದು" ಎನಿಸಿಕೊಂಡರೆ ಹಣ ದುಪ್ಪಟ್ಟಾಗುತ್ತದೆ, ಹಾಗಾಗಿ ವ್ಯವಸ್ಥೆಯೇ ಜನರನ್ನು ಆ ಗುಂಪಿನ ಕಡೆ ತಳ್ಳುತ್ತಿದೆ. ವಾದದಲ್ಲಿ ಹುರುಳಿದೆ. ಆದರೆ ಆ ಇಳಿಜಾರು ತಾನಾಗಿ ಹುಟ್ಟಿದ್ದಲ್ಲ.

2017ರ ಏಪ್ರಿಲ್‌ವರೆಗೆ ಮಧ್ಯದ ಗುಂಪಿಗೂ, ಅಂದರೆ "ಕೆಲಸ ಕಷ್ಟ, ತಯಾರಿ ಸಾಧ್ಯ" ಎನಿಸಿಕೊಂಡವರಿಗೂ, ವಾರಕ್ಕೆ ಸುಮಾರು 29 ಪೌಂಡ್ ಹೆಚ್ಚುವರಿ ಸಿಗುತ್ತಿತ್ತು. ಅಂದಿನ ಕನ್ಸರ್ವೇಟಿವ್ ಸರ್ಕಾರ ಹೊಸಬರಿಗೆ ಅದನ್ನು ನಿಲ್ಲಿಸಿತು. ಅಲ್ಲಿಂದಾಚೆಗೆ ಮಧ್ಯದ ಗುಂಪಿನಲ್ಲಿ ಬಿದ್ದರೆ ಏನೂ ಇಲ್ಲ, ಮೂರನೆಯದರಲ್ಲಿ ಬಿದ್ದರೆ ಎಲ್ಲವೂ ಇದೆ ಎಂದಾಯಿತು. ಮಧ್ಯದ ಮೆಟ್ಟಿಲು ಕಿತ್ತು ಹಾಕಿ, ಜನ ಮೇಲಿನ ಮೆಟ್ಟಿಲಿಗೇ ಜೋತುಬೀಳುತ್ತಾರೆ ಎಂದು ದೂರುವ ಸ್ಥಿತಿಗೆ ಬಂದದ್ದು ಹೀಗೆ. ಅಂದು ಉಳಿಸಿದ ಹಣ ಇಂದು ಬೇರೆ ದಾರಿಯಲ್ಲಿ ಖರ್ಚಾಗುತ್ತಿದೆ.

ಖರ್ಚು ಏರಲು ಬೇರೆ ಕಾರಣಗಳೂ ಇವೆ. ಕೋವಿಡ್ ನಂತರ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳ ಸರದಿ ಉದ್ದವಾಯಿತು, ಯುವಕರಲ್ಲಿ ಮಾನಸಿಕ ಅನಾರೋಗ್ಯದ ಅರ್ಜಿಗಳು ಹೆಚ್ಚಿದವು. ಇನ್ನೊಂದು ಕಾರಣದ ಬಗ್ಗೆ ಚರ್ಚೆ ಕಡಿಮೆ. ಹೆಂಗಸರ ಪಿಂಚಣಿ ವಯಸ್ಸು 60ರಿಂದ ಏರಿ 2020ಕ್ಕೆ ಗಂಡಸರಷ್ಟೇ 66 ಆಯಿತು. ಅದು ಈಗ ಎಲ್ಲರಿಗೂ 67ರ ಕಡೆ ನಡೆದಿದೆ. ಮೊದಲಾಗಿದ್ದರೆ ಪಿಂಚಣಿದಾರರಾಗಿರುತ್ತಿದ್ದ 63ರ ಮಂಡಿನೋವಿನ ಮಹಿಳೆ ಇಂದು 'ದುಡಿಯುವ ವಯಸ್ಸಿನ ಅಸ್ವಸ್ಥೆ' ಎಂದು ಎಣಿಕೆಯಾಗುತ್ತಾರೆ.

ನಾಲ್ಕು ಅಂಕದ ಗದ್ದಲ

2025ರ ಮಾರ್ಚ್ 18ರಂದು ಈ ಇಲಾಖೆಯ ಅಂದಿನ ಸಚಿವೆ ಲಿಜ್ ಕೆಂಡಲ್ ಹಸಿರು ಪತ್ರ, ಅಂದರೆ ಚರ್ಚೆಗೆಂದು ಮುಂದಿಡುವ ಪ್ರಸ್ತಾವ, ಹೊರಡಿಸಿದರು. ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿಸುವ ಲೆಕ್ಕ ಅದರ ಬೆನ್ನಿಗಿತ್ತು. (ಕಾಕತಾಳೀಯವೆಂದರೆ, 2016ರ ಮಾರ್ಚ್ 18ರಂದೇ ಪಿಪ್ ಕಡಿತ ವಿರೋಧಿಸಿ ಕನ್ಸರ್ವೇಟಿವ್ ಸಚಿವ ಇಯಾನ್ ಡಂಕನ್ ಸ್ಮಿತ್ ರಾಜೀನಾಮೆ ಕೊಟ್ಟಿದ್ದರು.) ಪತ್ರದ ಮುಖ್ಯ ಅಂಶ: ದಿನನಿತ್ಯದ ಭಾಗಕ್ಕೆ ಒಟ್ಟು 8 ಅಂಕ ಬಂದರೆ ಸಾಲದು, ಯಾವುದಾದರೂ ಒಂದೇ ಕೆಲಸದಲ್ಲಿ ಕನಿಷ್ಠ 4 ಅಂಕ ಇರಲೇಬೇಕು.

ಸಣ್ಣ ತಿದ್ದುಪಡಿಯಂತೆ ಕಾಣುವ ಇದರ ಪರಿಣಾಮ ನೋಡಿ. ಅಡುಗೆಗೆ 2, ಸ್ನಾನಕ್ಕೆ 2, ಶೌಚಕ್ಕೆ 2, ಬಟ್ಟೆಗೆ 2. ಒಟ್ಟು 8. ಸಂಧಿವಾತದವರ ಅಂಕಪಟ್ಟಿ ಹೀಗಿರುವುದು ಅಪರೂಪವಲ್ಲ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೊಡಕು. ಹೊಸ ನಿಯಮದಲ್ಲಿ ಇವರಿಗೆ ದಿನನಿತ್ಯದ ಭಾಗದಲ್ಲಿ ಏನೂ ಇಲ್ಲ. ಅಲ್ಲಿಗೇ ಮುಗಿಯುವುದೂ ಇಲ್ಲ. ಇವರನ್ನು ನೋಡಿಕೊಳ್ಳುವವರಿಗೆ ಸಿಗುವ ಕೇರರ್ಸ್ ಅಲವೆನ್ಸ್ ಇದೇ ಭಾಗದ ಮೇಲೆ ನಿಂತಿದೆ. ಒಂದು ಇಟ್ಟಿಗೆ ಎಳೆದರೆ ಮನೆಯ ಎರಡು ಆದಾಯ ಕುಸಿಯುತ್ತವೆ.

ಈ ಕ್ರಮಗಳಿಂದ 50,000 ಮಕ್ಕಳೂ ಸೇರಿ 2,50,000 ಜನ ಬಡತನದ ಗೆರೆಯ ಕೆಳಗೆ ಹೋಗಬಹುದು ಎಂದು ಸರ್ಕಾರದ ಅಂದಾಜೇ ಹೇಳಿತು. ಆಳುವ ಲೇಬರ್ ಪಕ್ಷದ ನೂರಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು. ಹಾವು ಸಾಯಬೇಕು, ಕೋಲು ಮುರಿಯಬಾರದು ಎಂಬಂತೆ ಸರ್ಕಾರ ಮೊದಲು "ಈಗ ಪಡೆಯುತ್ತಿರುವವರಿಗೆ ಅನ್ವಯಿಸುವುದಿಲ್ಲ" ಎಂದಿತು. ಸಾಲಲಿಲ್ಲ. ಜುಲೈ 1ರಂದು ಸದನದಲ್ಲಿ ಚರ್ಚೆ ನಡೆಯುತ್ತಿರುವಾಗಲೇ ಸಚಿವ ಸರ್ ಸ್ಟೀಫನ್ ಟಿಮ್ಸ್ ಪಿಪ್ ಕಲಮನ್ನೇ ತೆಗೆಯುವುದಾಗಿ ಘೋಷಿಸಿದರು. ಮಸೂದೆ 335–260ರಲ್ಲಿ ಗೆದ್ದಿತು, 49 ಲೇಬರ್ ಸಂಸದರು ಆಗಲೂ ವಿರುದ್ಧವೇ ಮತ ಹಾಕಿದರು. ಪಿಪ್ ಪರೀಕ್ಷೆಯನ್ನು ಹೇಗೆ ಬದಲಿಸಬೇಕೆಂದು ಅಂಗವಿಕಲರ ಜೊತೆಗೂಡಿ ಟಿಮ್ಸ್ ಅವರೇ ಪರಿಶೀಲಿಸಿ, 2026ರ ಶರತ್ಕಾಲಕ್ಕೆ ವರದಿ ಕೊಡಬೇಕು ಎಂದಾಯಿತು.

ಅಷ್ಟು ಗದ್ದಲದ ನಡುವೆ ಮಸೂದೆಯಲ್ಲಿ ಉಳಿದುಕೊಂಡದ್ದು ಯೂನಿವರ್ಸಲ್ ಕ್ರೆಡಿಟ್ ಕಡಿತ. ಎಲ್ಲರ ಕಣ್ಣು ಪಿಪ್ ಮೇಲಿತ್ತು.

ಏಪ್ರಿಲ್ 6ರ ಗೆರೆ

ಹೊಸಬರ 217.26 ಪೌಂಡ್ ಕೆಲವು ವರ್ಷ ಹಾಗೆಯೇ ನಿಲ್ಲುತ್ತದೆ, ಬೆಲೆ ಏರಿಕೆಗೆ ತಕ್ಕಂತೆ ಏರುವುದಿಲ್ಲ. ಇದಕ್ಕೆ ಪ್ರತಿಯಾಗಿ ಎಲ್ಲರಿಗೂ ಸಿಗುವ ಮೂಲ ಮೊತ್ತವನ್ನು ಹಣದುಬ್ಬರಕ್ಕಿಂತ ಹೆಚ್ಚಿಸುತ್ತಿದ್ದಾರೆ. 25 ದಾಟಿದ ಒಂಟಿ ವ್ಯಕ್ತಿಗೆ ಅದು ತಿಂಗಳಿಗೆ 400.14ರಿಂದ 424.90 ಪೌಂಡ್‌ಗೆ ಏರಿದೆ. 25 ಪೌಂಡ್ ಕೊಟ್ಟು 212 ಪೌಂಡ್ ಹಿಂತೆಗೆದುಕೊಂಡಂತೆ ಎಂಬುದು ವಿರೋಧಿಗಳ ಲೆಕ್ಕ. ಕೆಲಸ ಹುಡುಕುತ್ತಿರುವ ಆರೋಗ್ಯವಂತ ಬಡವರಿಗೆ ಇದರಿಂದ ಲಾಭವೇ ಆಗಿದೆ ಎಂಬುದನ್ನೂ ಮರೆಯಬಾರದು.

ಹೊಸಬರಲ್ಲಿ ಎರಡು ಬಗೆಯವರಿಗೆ ಹಳೆಯ ದರವೇ ಇದೆ. ಹನ್ನೆರಡು ತಿಂಗಳೊಳಗೆ ಸಾವು ಸಂಭವಿಸಬಹುದು ಎಂದು ವೈದ್ಯರು ದೃಢಪಡಿಸಿದವರದು ಒಂದು ಬಗೆ. ಜೀವನಪೂರ್ತಿ ಇರುವ, ಎನ್‌ಎಚ್‌ಎಸ್ ರೋಗನಿರ್ಣಯವಿರುವ ತೀವ್ರ ಸ್ಥಿತಿಯವರದು ಇನ್ನೊಂದು. ತಕರಾರು ಇರುವುದು ಈ ಎರಡನೆಯದರಲ್ಲಿ. ತೊಂದರೆ 'ಸದಾ' ಇರಬೇಕು ಎಂಬುದು ಷರತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆ ಒಂದು ವಾರ ಬಿಟ್ಟು ಇನ್ನೊಂದು ವಾರ ಹಿಡಿಯುತ್ತದೆ. ಒಳ್ಳೆಯ ದಿನಗಳೇ ಅವರ ವಿರುದ್ಧ ಸಾಕ್ಷಿ ಹೇಳಬಹುದು ಎಂಬ ಭಯ ಅಂಗವಿಕಲರ ಸಂಘಟನೆಗಳಿಗಿದೆ.

ಮೊದಲಿನಿಂದ ಪಡೆಯುತ್ತಿರುವವರ ಭಯ ಬೇರೆ. ಕೆಲಸ ಪ್ರಯತ್ನಿಸಿ, ಅದು ಕೈಹಿಡಿಯದೆ ಮತ್ತೆ ಬಂದಾಗ 'ಹೊಸಬ' ಆಗಿಬಿಟ್ಟರೆ? ಕೆಲಸ ಪ್ರಯತ್ನಿಸಿದ ಮಾತ್ರಕ್ಕೆ ಮರುಪರೀಕ್ಷೆ ಮಾಡುವುದಿಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿದೆ. ಆದರೂ ಎರಡು ದರಗಳ ನಡುವಿನ ಕಂದಕ ಇರುವಷ್ಟು ದಿನ, ದಡ ಬಿಟ್ಟು ಕದಲದಿರುವುದೇ ಜಾಣತನ ಎಂದು ಬಹಳ ಜನಕ್ಕೆ ಅನಿಸುತ್ತದೆ. ಜನರನ್ನು ಕೆಲಸಕ್ಕೆ ಕಳಿಸಲು ತಂದ ಕಾನೂನು ಅವರನ್ನು ಕೂತಲ್ಲೇ ಕೂರಿಸಬಹುದು.

ಇಲ್ಲ ಎಂದರೆ

ಅರ್ಜಿ ತಿರಸ್ಕೃತವಾದರೆ, ಅಥವಾ ಅಂಕ ಕಡಿಮೆ ಬಂದರೆ, ಪತ್ರದ ತಾರೀಖಿನಿಂದ ಒಂದು ತಿಂಗಳೊಳಗೆ ಕಡ್ಡಾಯ ಮರುಪರಿಶೀಲನೆ ಕೇಳಬೇಕು. ಇಲಾಖೆಯೇ ತನ್ನ ತೀರ್ಮಾನವನ್ನು ಮತ್ತೆ ನೋಡುವ ಹಂತ ಇದು. ಇಲ್ಲಿ ಬದಲಾಗದೆ ಉಳಿಯುವುದೇ ಹೆಚ್ಚು, ಬಹುತೇಕರು ಕೈಚೆಲ್ಲುವುದೂ ಇಲ್ಲಿಯೇ. ಅದರ ಮುಂದಿನದು ಸ್ವತಂತ್ರ ಟ್ರಿಬ್ಯುನಲ್. ಪಿಪ್ ಪ್ರಕರಣದಲ್ಲಿ ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು, ಅಂಗವೈಕಲ್ಯದ ಅನುಭವವಿರುವ ಒಬ್ಬ ಸದಸ್ಯರು ಕೂರುತ್ತಾರೆ. ಶುಲ್ಕವಿಲ್ಲ. ಇತ್ತೀಚಿನ ವರ್ಷಗಳಲ್ಲಿ ವಿಚಾರಣೆಯವರೆಗೆ ಹೋದ ಪಿಪ್ ಮೇಲ್ಮನವಿಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಅರ್ಜಿದಾರರ ಪರ ಆಗಿವೆ.

ಈ ಅಂಕಿಯನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಓದುತ್ತಾರೆ. ಮೌಲ್ಯಮಾಪನವೇ ಕೆಟ್ಟಿದೆ ಎಂದು ಸಂಘಟನೆಗಳು, ಒಟ್ಟು ತೀರ್ಮಾನಗಳಲ್ಲಿ ಟ್ರಿಬ್ಯುನಲ್ ತಲುಪುವುದೇ ಸಣ್ಣ ಪಾಲು ಎಂದು ಇಲಾಖೆ. ಎರಡೂ ನಿಜ. ಆದರೆ ಅಲ್ಲಿಗೆ ತಲುಪದವರೆಲ್ಲ ತೀರ್ಮಾನ ಒಪ್ಪಿಕೊಂಡವರು ಎಂದು ಭಾವಿಸಲಾಗದು. ಒಂದು ಫಾರ್ಮು ತುಂಬುವುದೇ ಕಷ್ಟವಾದ ಕಾಯಿಲೆಯವರಿಗೆ ತಿಂಗಳುಗಟ್ಟಲೆ ಹೋರಾಡುವ ಕಸುವು ಎಲ್ಲಿಂದ ಬರಬೇಕು? ಸಿಟಿಜನ್ಸ್ ಅಡ್ವೈಸ್‌ನಂಥ ಸಂಸ್ಥೆಗಳು ಈ ಹಂತದಲ್ಲಿ ಉಚಿತ ನೆರವು ಕೊಡುತ್ತವೆ.

ವೀಸಾ ಮೇಲಿರುವ ಕನ್ನಡಿಗರಿಗೆ

ಬ್ರಿಟನ್ನಿನಲ್ಲಿ ಐಟಿ ಉದ್ಯೋಗಿಗಳಾಗಿ, ನರ್ಸ್‌ಗಳಾಗಿ, ವಿದ್ಯಾರ್ಥಿಗಳಾಗಿ ಇರುವ ಕನ್ನಡಿಗರಲ್ಲಿ ಬಹಳ ಮಂದಿಯ ವೀಸಾದಲ್ಲಿ 'ಸಾರ್ವಜನಿಕ ನಿಧಿಗೆ ಹಕ್ಕಿಲ್ಲ' ಎಂಬ ಷರತ್ತು ಇರುತ್ತದೆ. ಪಿಪ್, ಯೂನಿವರ್ಸಲ್ ಕ್ರೆಡಿಟ್ ಎರಡೂ ಆ ನಿಧಿಯೊಳಗೆ ಬರುತ್ತವೆ. ತಿಳಿಯದೆ ಅರ್ಜಿ ಹಾಕಿ ಹಣ ಪಡೆದರೆ ಮುಂದಿನ ವೀಸಾಕ್ಕೇ ತೊಂದರೆ. ಆದರೆ ಸಿಕ್ ಪೇ ಆ ನಿಧಿಯಲ್ಲ, ಅದು ಮಾಲೀಕರ ಹೊಣೆ. ಸಾಕಷ್ಟು ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಸಿಗುವ 'ನ್ಯೂ ಸ್ಟೈಲ್' ಇಎಸ್‌ಎ, ಅಂದರೆ ಕಾಯಿಲೆಯಿಂದ ದುಡಿಯಲು ಕಷ್ಟವಾದವರ ಇನ್ನೊಂದು ಭತ್ಯೆ ಕೂಡ ಆ ಪಟ್ಟಿಯಲ್ಲಿಲ್ಲ. ಸಂಬಳದಿಂದ ಕಡಿತವಾಗುವ ಆ ವಂತಿಗೆಗೆ ಪ್ರತಿಯಾಗಿ ಬರುವ ಹಕ್ಕು ಅದು, ಉಳಿತಾಯ ಎಷ್ಟಿದೆ ಎಂದೂ ಕೇಳುವುದಿಲ್ಲ. 'ವೀಸಾ ಇದ್ದರೆ ಏನೂ ಇಲ್ಲ' ಎಂದು ಸುಮ್ಮನಿರುವವರು ಇದನ್ನು ಬಿಟ್ಟುಬಿಡುತ್ತಾರೆ.

ಪೌರತ್ವ ಅಥವಾ ಶಾಶ್ವತ ವಾಸದ ಹಕ್ಕು ಇದ್ದು ದೀರ್ಘಕಾಲ ಭಾರತದಲ್ಲಿದ್ದು ಮರಳಿದವರಿಗೆ ಇನ್ನೊಂದು ಅಡ್ಡಿ: ಪಿಪ್‌ಗೆ ಸಾಮಾನ್ಯವಾಗಿ ಕಳೆದ 156 ವಾರಗಳಲ್ಲಿ 104 ವಾರ ಬ್ರಿಟನ್ನಿನಲ್ಲಿ ಇದ್ದಿರಬೇಕು. ಪಿಂಚಣಿ ವಯಸ್ಸು ದಾಟಿದವರು ಹೊಸದಾಗಿ ಪಿಪ್ ಕೇಳುವಂತಿಲ್ಲ, ಅವರಿಗೆ ಅಟೆಂಡೆನ್ಸ್ ಅಲವೆನ್ಸ್. ಅದರಲ್ಲಿ ಓಡಾಟದ ಭಾಗವೇ ಇಲ್ಲ.

ಎರಡು ಬಾಗಿಲು ಒಂದಾದರೆ

ಹಸಿರು ಪತ್ರದ ಇನ್ನೊಂದು ಯೋಜನೆ ಇನ್ನೂ ಜೀವಂತವಾಗಿದೆ. ವರ್ಕ್ ಕೇಪಬಿಲಿಟಿ ಅಸೆಸ್‌ಮೆಂಟನ್ನು 2028ರ ಹೊತ್ತಿಗೆ ರದ್ದು ಮಾಡಿ, ಪಿಪ್ ಪರೀಕ್ಷೆಯೊಂದರಿಂದಲೇ ಎರಡೂ ಹಣವನ್ನು ತೀರ್ಮಾನಿಸುವುದು. ಎರಡು ಸಲ ಪರೀಕ್ಷೆ ಬೇಡ ಎಂಬುದು ಅರ್ಜಿದಾರರದೇ ಹಳೆಯ ಬೇಡಿಕೆ. ದುಡಿಯಬಲ್ಲಿರಾ ಎಂಬ ಪ್ರಶ್ನೆಯೇ ಹೋದರೆ, ಸ್ವಲ್ಪ ದುಡಿದು ನೋಡುವ ಭಯವೂ ಹೋಗುತ್ತದೆ ಎಂದು ಸರ್ಕಾರ ಹೇಳುತ್ತದೆ.

ತೊಡಕು ಇರುವುದು, ಪಿಪ್ ಅಳೆಯುವುದು ಹೆಚ್ಚಿನ ನೆರವಿನ ಅಗತ್ಯವನ್ನೇ ಹೊರತು ದುಡಿಮೆಯ ಸಾಮರ್ಥ್ಯವನ್ನಲ್ಲ ಎಂಬುದರಲ್ಲಿ. ಇಂದು ಒಂದು ಪರೀಕ್ಷೆಯಲ್ಲಿ ಮೌಲ್ಯಮಾಪಕರು ತಪ್ಪಿದರೆ ಇನ್ನೊಂದು ಹಣವಾದರೂ ಕೈಯಲ್ಲಿರುತ್ತದೆ. ನಾಳೆ 8ರ ಬದಲು 7 ಅಂಕ ಬಂದರೆ ಎರಡೂ ಹೋಗುತ್ತವೆ. ಹಾಗಾಗಿ ಟಿಮ್ಸ್ ವರದಿ ಆ ಹತ್ತು ಕೆಲಸಗಳ ಪಟ್ಟಿಯಲ್ಲಿ ಏನು ಬದಲಿಸಲು ಹೇಳುತ್ತದೆ ಎಂಬುದಕ್ಕೆ ಪಿಪ್‌ಗಿಂತ ಎರಡು ಪಟ್ಟು ತೂಕ ಬಂದಿದೆ.

ಎರಡು ಬಾಗಿಲುಗಳ ನಡುವೆ ಬೀಳುವವರೂ ಇದ್ದಾರೆ. ಕೀಮೋಥೆರಪಿಯಲ್ಲಿರುವವರನ್ನು ಇಂದಿನ ವ್ಯವಸ್ಥೆ ನೇರವಾಗಿ "ಕೆಲಸವೂ ಬೇಡ, ತಯಾರಿಯೂ ಬೇಡ" ಎಂಬ ಗುಂಪಿಗೆ ಸೇರಿಸಬಲ್ಲದು. ದುಡಿದರೆ ಬಸುರಿಯ ಆರೋಗ್ಯಕ್ಕೋ ಹೊಟ್ಟೆಯಲ್ಲಿರುವ ಮಗುವಿನ ಆರೋಗ್ಯಕ್ಕೋ ಗಂಭೀರ ಅಪಾಯವಿದ್ದರೂ ಹಾಗೆಯೇ. ಪಿಪ್‌ಗೆ ಮಾತ್ರ ಮೂರು ತಿಂಗಳ ಹಿಂದಿನ ತೊಂದರೆ, ಒಂಬತ್ತು ತಿಂಗಳ ಮುಂದಿನ ತೊಂದರೆ, ಎರಡೂ ಬೇಕು. ಆರು ತಿಂಗಳ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳುವವರಿಗೆ ಆ ಲೆಕ್ಕ ಕೂಡಿಬರುವುದಿಲ್ಲ, ಮತ್ತು ಆ ಆರು ತಿಂಗಳ ಮನೆಬಾಡಿಗೆ ಹೇಗೂ ಕಟ್ಟಲೇಬೇಕು.